ಹಣ್ಣಾದ ಮಂಚ

ಹೋದ ಡಿಸೆಂಬರಿನಲ್ಲಿ ನನ್ನ ತಂಗಿಯ ಮಗಳು ಕೇರಳದ ಕಡೆಯ ಒಂದು ಹಳೆಯ ಅರಮನೆಗೆ ನನ್ನನ್ನು ಕರೆದುಕೊಂಡು ಹೋಗಿದ್ದಳು. ಕಂಬ, ಸೂರು, ಕಿಟಕಿ, ಮೆಟ್ಟಿಲು, ಎಲ್ಲವೂ ಮರ. ಒಂದು ಕೋಣೆಯಲ್ಲಿ ಮುನ್ನೂರು ವರ್ಷ ಹಳೆಯದೆಂದು ಬೋರ್ಡ್ ಹಾಕಿದ ಮಂಚವಿತ್ತು. ಎಲ್ಲರೂ ಎದುರು ನಿಂತು ಫೋಟೋ ತೆಗೆಯುತ್ತಿದ್ದರೆ ನಾನು ಅಡ್ಡ ಕಟ್ಟಿದ ಹಗ್ಗದ ಮೇಲಿಂದ ಬಗ್ಗಿ ಮಂಚದ ಅಂಚಿನ ಅಡಿಗೆ ಅಂಗೈ ತೂರಿಸಿದೆ. ಕಾವಲಿನವನು ಸೀಟಿ ಊದಿದ. ತಂಗಿಯ ಮಗಳು ಓಡಿ ಬಂದು, "ದೊಡ್ಡಮ್ಮ, ಪ್ಲೀಸ್" ಎಂದು ತೋಳು ಹಿಡಿದಳು. ಎಂಬತ್ತರ ಹತ್ತಿರದ ಹೆಂಗಸೆಂದು ಕಾವಲಿನವನು ಬೈಯದೆ ಬಿಟ್ಟ. ಅಷ್ಟರಲ್ಲಿ ನನ್ನ ಬೆರಳಿಗೆ ಬೇಕಾದದ್ದು ಸಿಕ್ಕಿತ್ತು. ಉಳಿಯ ಗೀರುಗಳು, ಸಣ್ಣ ಸಣ್ಣ ಅಲೆಗಳ ಹಾಗೆ. ಮೇಲುಗಡೆ ಕನ್ನಡಿಯಷ್ಟು ನುಣುಪು ಮಾಡಿದ ಬಡಗಿ ಅಡಿಯಲ್ಲಿ ತನ್ನ ಕೈ ಓಡಿದ್ದನ್ನು ಹಾಗೇ ಬಿಟ್ಟಿದ್ದ.

ಈ ಚಟ ನನ್ನದಲ್ಲ. ರಾಮನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರ್ ಒಬ್ಬರದು. ಅವರು ಮೈಸೂರಿನಲ್ಲಿ ತೀರಿಕೊಂಡ ಸುದ್ದಿ ಬಂದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಅವರ ಹೆಸರು ಬರೆಯುವುದಿಲ್ಲ. ಬರೆದರೆ, ಏನ್ ಮಿಸ್, ನನ್ನನ್ನೂ ಮ್ಯೂಸಿಯಮ್ಮಿಗೆ ಹಾಕಿಬಿಟ್ರಾ ಅನ್ನುತ್ತಿದ್ದರು.

ನಾನು ಅಲ್ಲಿ ಕಾನ್ವೆಂಟಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ, ಆದ್ದರಿಂದ ಅವರಿಗೆ ನಾನು ಮಿಸ್. ನನಗೆ ಅವರು ಮೇಡಂ. ಹಳ್ಳಿಯವರಿಗೆ ಹುಳದಮ್ಮನೋರು. ಮನೆಮನೆಗೆ ಹೋಗಿ ರೇಷ್ಮೆಹುಳ ನೋಡಿ, ರೋಗ ಹಿಡಿದು, ಮದ್ದು ಹೊಡೆಸುವುದು ಅವರ ಕೆಲಸ. ಅದು ರೇಷ್ಮೆ ಉಕ್ಕಿ ಹರಿಯುತ್ತಿದ್ದ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾಗುತ್ತಿದ್ದವು. ಬೆಳಿಗ್ಗೆ ಕಿಟಕಿ ತೆರೆದರೆ ಬೇಯಿಸಿದ ಗೂಡಿನ ವಾಸನೆ. ಹೊಸದಾಗಿ ಬಂದವರು ಮೂಗು ಮುಚ್ಚುತ್ತಿದ್ದರು. ಊರಿನವರಿಗೆ ಅದು ಪಾಯಸದ ವಾಸನೆಯಷ್ಟೇ ಹಿತ. ಪ್ರತಿ ಬೆಳೆ ಮುಗಿದಾಗಲೂ ಯಾರದೋ ಮನೆಗೆ ಹೊಸ ಹೆಂಚು, ಇನ್ಯಾರದೋ ಮನೆಗೆ ಸ್ಟೀಲ್ ಬೀರು, ಫೋಲ್ಡಿಂಗ್ ಚೇರು, ಫಾರ್ಮಿಕಾ ಟೇಬಲ್ಲು. ಹೊಸದು ಒಳಗೆ ಬಂದಷ್ಟೂ ಹಳೆಯ ಮರ ಹಿತ್ತಲಿಗೆ ಹೋಗುತ್ತಿತ್ತು.

ಮೇಡಂ ಎತ್ತರದ ಹೆಂಗಸು. ಗಂಡಸರ ಕೈಗಡಿಯಾರ, ಕಣಕಾಲಿಗಿಂತ ಮೇಲೆ ಉಟ್ಟ ಸೀರೆ, ಔಷಧಿ ಹೊಗೆಗೆ ಸದಾ ಕೆಂಪಗಿರುತ್ತಿದ್ದ ಕಣ್ಣು. ಅಂಗೈ ಅಗಲ. ಯಾರ ಮನೆಗೆ ಹೋದರೂ ನೀರಿನ ಲೋಟಕ್ಕೆ ಮೊದಲು ಆ ಕೈ ಬಾಗಿಲ ಚೌಕಟ್ಟಿಗೋ ಕಂಬಕ್ಕೋ ಹೋಗುತ್ತಿತ್ತು, ಎಮ್ಮೆಯ ಮೈ ಸವರುವವರ ಹಾಗೆ. ಅವರ ತಂದೆ ಯಾವುದೋ ಮರದ ಡಿಪೋದಲ್ಲಿ ಗುಮಾಸ್ತರಾಗಿದ್ದರಂತೆ. ಅದಕ್ಕಿಂತ ಹೆಚ್ಚಿಗೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಳೆಯ ಮರವನ್ನು ಅವರು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. "ಇವರ ಹೊಟ್ಟೆ ನೋಡಿದ್ರಾ ಮಿಸ್?" ಅಂದರೆ ಮೇಜಿನ ಅಡಿ ನೋಡಿದೆಯಾ ಎಂದು ಅರ್ಥ.

ರಜಾ ದಿನಗಳಲ್ಲಿ ಅವರ ಮೊಪೆಡ್ಡಿನ ಹಿಂದೆ ನಾನೂ ಹೋಗುತ್ತಿದ್ದೆ. ಸಮತಟ್ಟಿನಲ್ಲಿ ಇಬ್ಬರೂ ಸವಾರಿ. ದಿಣ್ಣೆ ಬಂದರೆ ನಾನು ಇಳಿದು ನಡೆಯಬೇಕು. ಬಿಡದಿಯಲ್ಲಿ ತಟ್ಟೆ ಇಡ್ಲಿಯ ಅಂಗಡಿಗಳು ಹಲವಿದ್ದವು. ಅವರು ಹೋಗುತ್ತಿದ್ದುದು ಇಡ್ಲಿ ಅಷ್ಟೇನೂ ಚೆನ್ನಾಗಿಲ್ಲದ ಒಂದಕ್ಕೆ ಮಾತ್ರ, ಅಲ್ಲಿನ ಬೆಂಚಿಗಾಗಿ. ಯಾವುದೋ ಛತ್ರದಿಂದ ಬಂದ ಹಳೇ ಬೆಂಚು, ಎಷ್ಟೋ ತಲೆಮಾರಿನವರು ಕೂತು ಕೂತು ಕರಿ ದ್ರಾಕ್ಷಿಯ ಬಣ್ಣಕ್ಕೆ ಬಂದಿತ್ತು. ಒಂದು ಸಲ ಕೂತು ತಿನ್ನುತ್ತಿದ್ದ ಲಾರಿ ಡ್ರೈವರುಗಳನ್ನೆಲ್ಲ ತಟ್ಟೆ ಸಮೇತ ಎಬ್ಬಿಸಿ ಬೆಂಚನ್ನು ಮಗುಚಿ ಹಾಕಿ ನೋಡಿದರು. ಒಬ್ಬ ಡ್ರೈವರು, ಏನಮ್ಮ, ಮೊಟ್ಟೆ ಇಟ್ಟೈತಾ ಎಂದು ಕೇಳಿದ. ಇಟ್ಟೈತೆ, ಆದ್ರೆ ನಿನ್ನ ಕಣ್ಣಿಗೆ ಕಾಣಾಕಿಲ್ಲ ಎಂದು ಅವನದೇ ಮಾತಿನಲ್ಲಿ ಹೇಳಿ ಕೈ ಒರೆಸಿಕೊಂಡರು. ಕನಕಪುರದಲ್ಲಿ ಒಂದು ಶೆಟ್ಟರ ಮನೆಯ ತೂಗುಮಣೆ ಕಂಡಾಗ, ಸೀರೆ ಮಣ್ಣಾಗುವುದನ್ನೂ ನೋಡದೆ ಅದರಡಿ ಅಂಗಾತ ಮಲಗಿಬಿಟ್ಟರು. ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ, ನಿಲ್ಲುವ ನಡೆಯುವ ಶಿಸ್ತಾದ ಡಿಪೋರ್ಟ್‌ಮೆಂಟಿನ ಪ್ರಕಾರ ಬಿದ್ದ ಕರ್ಚೀಫ್ ಎತ್ತುವಾಗಲೂ ಹುಡುಗಿಯರು ಬೆನ್ನು ಬಗ್ಗಿಸಬಾರದು. ನಾನು ನಿಂತ ಕಡೆಯೇ ನಾಚಿ ಕೆಂಪಾದೆ. ಮುಂದಿನ ಸಲದ ಹೊತ್ತಿಗೆ ನಾನೂ ಪಕ್ಕದಲ್ಲಿ ಮಲಗಿದ್ದೆ.

ಹುಳದ ಭಾಷೆ ನನಗೆ ಗೊತ್ತಿರಲಿಲ್ಲ. ಮೊದಲ ಸಲ ಅವರ ಜೊತೆ ಹೋದಾಗ ಒಬ್ಬ ಹೆಂಗಸು ಬಾಗಿಲಲ್ಲೇ ತಡೆದು, ನಾಕ್ನೇ ಜ್ವರ, ಒಳಗೆ ಬರ್ಬ್ಯಾಡಿ ಅಂದಳು. ಅಯ್ಯೋ ಪಾಪ ಎಂದು ನಾನು ಹ್ಯಾಂಡ್‌ಬ್ಯಾಗಿನಿಂದ ಮಾತ್ರೆ ತೆಗೆದು ಕೊಟ್ಟೆ. ಆ ಹೆಂಗಸು ಮಾತ್ರೆ ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೆ ತುರುಕಿಕೊಂಡಳು. ಹುಳ ಎಲೆ ತಿನ್ನುವುದು ಬಿಟ್ಟು ತಲೆ ಎತ್ತಿ ನಿಶ್ಚಲವಾಗಿ ಕೂತು ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ ಎಂದು ಮೇಡಂ ದಾರಿಯುದ್ದಕ್ಕೂ ನಗುತ್ತಾ ಹೇಳಿದರು. ನಾಲ್ಕು ಜ್ವರ ದಾಟಿದ ಮೇಲೆ ಹುಳ ಹೊಟ್ಟೆಬಾಕನ ಹಾಗೆ ತಿಂದು ತಿಂದು ಒಂದು ದಿನ ಬೆಳಕು ಹಾಯುವಂಥ ಹೊಂಬಣ್ಣಕ್ಕೆ ತಿರುಗುತ್ತದೆ. ಆಗ ಅದು ಹಣ್ಣಾಯಿತು. ಹಣ್ಣಾಯಿತು ಎಂದರೆ ಮನೆಯಲ್ಲಿ ಯಾರೂ ಕೂತಲ್ಲಿ ಕೂರುವ ಹಾಗಿಲ್ಲ. ಅಕ್ಕಪಕ್ಕದವರನ್ನೂ ಕೂಗಿ, ಹುಳ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಸಿಕ್ಕಿದ ಕಡೆ ನೂಲು ಸುತ್ತಿ ಬೆಳೆ ಕೆಡುತ್ತದೆ.

ಮೇಡಂ ಆ ಮಾತನ್ನು ಎತ್ತಿಕೊಂಡು ಮರಕ್ಕೆ ಹಾಕಿದ್ದರು. ತುಂಬ ಮೆಚ್ಚಿದ ಮರಕ್ಕೆ ಮಾತ್ರ. ತುಂಬ ಕೈ ಬಿದ್ದು, ತುಂಬ ಕಾಲ ಆಗಿ, ಒಳಗಿನಿಂದಲೇ ಬೆಳಕು ಬಂದ ಹಾಗೆ ಕಾಣುವ ಮರಕ್ಕೆ "ಇವರು ಹಣ್ಣಾಗಿದ್ದಾರೆ" ಅನ್ನುತ್ತಿದ್ದರು. ಬಿಡದಿಯ ಬೆಂಚಿಗೆ ಸಿಕ್ಕಿತ್ತು ಆ ಪದವಿ. ಕನಕಪುರದ ತೂಗುಮಣೆಗೆ ಸಿಗಲಿಲ್ಲ. ವಾರ್ನಿಷ್ ಬಳಿದು ಮೈ ಉಸಿರುಕಟ್ಟಿಸಿದ್ದಾರೆ ಎಂದರು.

ಮಾಗಡಿ ರಸ್ತೆಯ ಒಂದು ಹಳ್ಳಿಯಲ್ಲಿ ಒಂದು ಗೌಡರ ಮನೆ ಇತ್ತು. ಸತತವಾಗಿ ಬೆಳೆ ಕೆಟ್ಟು ಹುಳ ಸಾಕುವುದನ್ನೇ ಬಿಡುತ್ತೇವೆ ಎಂದಿದ್ದವರನ್ನು ಮೇಡಂ ಕೈಹಿಡಿದು ಎತ್ತಿದ್ದರು. ಆ ಮನೆಯಲ್ಲಿ ಅವರು ಹೇಳಿದ್ದಕ್ಕೆ ಎರಡು ಮಾತಿಲ್ಲ. ಹುಳದಮ್ಮನೋರು ಸುಣ್ಣ ಅಂದರೆ ಸುಣ್ಣ, ಸೊಪ್ಪು ಅಂದರೆ ಸೊಪ್ಪು. ಆ ಸಲ ಹೊಸ ಬೆಳೆಗೆ ಮುಂಚೆ ಹುಳದ ಕೋಣೆಗೆ ಮದ್ದು ಹೊಡೆಯಬೇಕು, ಒಳಗಿರುವ ಸಾಮಾನೆಲ್ಲ ಹೊರಗೆ ಹಾಕಿ ಎಂದು ಹೇಳಲು ಹೋಗಿದ್ದೆವು. ಗೌಡರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುತ್ತಾ ಬಂದಿತ್ತು.

ಕೋಣೆಯ ಮೂಲೆಯಲ್ಲಿ, ಹುಳದ ತಟ್ಟೆಗಳನ್ನು ಪೇರಿಸಿಟ್ಟಿದ್ದ ಮಂಚವೊಂದಿತ್ತು. ಹಲಸಿನ ಮರದ್ದು. ಪಾಳೇಗಾರರ ಕಾಲದ್ದೆಂದು ಗೌಡರ ತಾಯಿ, ಎಲ್ಲರೂ ಅಜ್ಜಿ ಅನ್ನುತ್ತಿದ್ದವರು, ಹೇಳಿದರು. ಈ ಮನೆಯ ಹೆಣ್ಣುಮಕ್ಕಳ ಬಾಣಂತನವೆಲ್ಲ ಇದರ ಮೇಲೆಯೇ ಆದದ್ದಂತೆ. ಕಡೆದ ನಾಲ್ಕು ಕಾಲು, ಒಂದೊಂದರ ಮೇಲೂ ಬಳೆ ತೊಟ್ಟ ಹಾಗೆ ಸುತ್ತುಗಳು. ಒಂದು ಮೊಳೆ ಇಲ್ಲ, ಎಲ್ಲ ಬೆಣೆಯ ಬಿಗಿ. ಮೇಡಂ ತಟ್ಟೆಗಳನ್ನು ಸರಿಸಿ ಅಡಿಗೆ ತೂರಿದರು. ಆಮೇಲೆ, ಮಿಸ್, ಬನ್ನಿ ಬೇಗ ಎಂಬ ಕೂಗು.

ತಲೆದೆಸೆಯ ಅಡ್ಡಪಟ್ಟಿಯ ಕೆಳಗಡೆ, ನಿಂತವರಿಗೂ ಕೂತವರಿಗೂ ಮಲಗಿದವರಿಗೂ ಕಾಣದ ಜಾಗದಲ್ಲಿ, ಒಂದು ಗಿಣಿ ಕೆತ್ತಿತ್ತು. ಹೆಬ್ಬೆರಳಿನಷ್ಟು. ಕೊಕ್ಕಿನಲ್ಲಿ ಒಂದು ಕಾಳು.

ಯಾರಿಗೋಸ್ಕರ ಇಲ್ಲಿ ಕೆತ್ತಿದ ಎಂದೆ.

"ಅಂಬೆಗಾಲಿಡೋ ಮಗುಗೆ," ಎಂದರು ಮೇಡಂ. "ಇಷ್ಟು ಕೆಳಗೆ ಬಂದು ಮೇಲೆ ನೋಡೋರು ಮನೇಲಿ ಇನ್ಯಾರಿದ್ದಾರೆ?"

ಅಜ್ಜಿಯನ್ನೂ ಬಗ್ಗಿಸಿ ತೋರಿಸಿದರು. ಅಜ್ಜಿ ಆ ಮನೆಗೆ ಸೊಸೆಯಾಗಿ ಬಂದವರು, ಅಲ್ಲಿ ಅಂಬೆಗಾಲಿಟ್ಟವರಲ್ಲ. ಜೀವಮಾನದಲ್ಲಿ ಅದನ್ನು ಕಂಡಿರಲಿಲ್ಲ. ಗೌಡರಿಗೆ ಮಾತ್ರ ಮುಖದಲ್ಲಿ ಏನೋ ಸುಳಿದು ಹೋಯಿತು, ನಂಗೆ ಕನಸಲ್ಲಿ ಬತ್ತಿತ್ತು ಈ ಗಿಣಿ, ಎಲ್ಲಿ ನೋಡಿದ್ನೋ ಗೊತ್ತಾಗ್ತಿರ್ಲಿಲ್ಲ ಎಂದರು. ಹೊರಡುವಾಗ ಮೇಡಂ ಮಂಚದ ಮೇಲೆ ಅಂಗೈ ಇಟ್ಟು, ಮನೆಯವರೆಲ್ಲರ ಎದುರಿಗೆ, "ಇವರು ಪೂರ್ತಿ ಹಣ್ಣಾಗಿದ್ದಾರೆ" ಎಂದರು. ಇಡೀ ಜಿಲ್ಲೆಯಲ್ಲಿ ಇಷ್ಟು ದೊಡ್ಡ ಹೊಗಳಿಕೆ ಯಾವ ಮರಕ್ಕೂ ಅವರಿಂದ ಸಿಕ್ಕಿರಲಿಲ್ಲ. ಗೌಡರು ತಲೆಯಾಡಿಸಿದರು.

ಮಾರನೆಯ ದಿನ ಮಧ್ಯಾಹ್ನ ಮದ್ದು ಹೊಡೆಸಲು ಹೋದರೆ ಕೋಣೆ ಖಾಲಿ. ಅಂಗಳದಲ್ಲೂ ಮಂಚವಿಲ್ಲ. ಬೆಳಿಗ್ಗೆ ರಾಮನಗರದ ನೂಲು ಬಿಚ್ಚುವ ಸಾಹೇಬರೊಬ್ಬರ ಕಟ್ಟಿಗೆ ಗಾಡಿ ಬಂದಿತ್ತು, ಬೆಣೆ ತಟ್ಟಿ ಮಂಚವನ್ನು ಬಿಚ್ಚಿ ಹೇರಿ ಕಳಿಸಿದೆವು ಎಂದು ಗೌಡರ ಹೆಂಡತಿ ಹೇಳಿದರು. ಕೆಲಸ ಬೇಗ ಮುಗಿಸಿದ್ದಕ್ಕೆ ಮೆಚ್ಚುಗೆ ಸಿಗುತ್ತದೆ ಎಂಬ ಮುಖದಲ್ಲಿ.

ಅಜ್ಜಿ ಜಗುಲಿಯಲ್ಲಿ ಕಾಲು ಚಾಚಿ ಕೂತಿದ್ದರು. ಅಳುತ್ತಿರಲಿಲ್ಲ. ಅತ್ತು ಮುಗಿಸಿದ್ದರು.

"ನೀನೇ ಅಂದ್ಯಲ್ಲವ್ವ, ಪೂರ್ತಿ ಹಣ್ಣಾಗೈತೆ ಅಂತ. ನಂಗೂ ಅದೇ ಕಾಲ ಬಂದೈತೆ. ಹಣ್ಣಾದ್ಮೇಲೆ ಮಡಿಕ್ಕಂಡು ಏನ್ ಮಾಡಾದು, ಕಳಿಸ್ಬುಡ್ರಲಾ ಅಂದೆ."

ನನಗೆ ಆಗ ಹೊಳೆಯಿತು. ಹಣ್ಣು ಹಣ್ಣು ಮುದುಕಿ ಅನ್ನುತ್ತೇವೆ, ಆ ಹಣ್ಣು. ಅದರ ಮೇಲೆ, ಹಣ್ಣಾಯಿತು ಎಂದು ಹುಳದಮ್ಮನೋರ ಬಾಯಲ್ಲಿ ಬಂದರೆ ಆ ಮನೆಯಲ್ಲಿ ತಡಮಾಡುವ ರೂಢಿಯೇ ಇರಲಿಲ್ಲ. ಆರಿಸಬೇಕು, ಕೋಣೆಯಿಂದ ಸಾಗಿಸಬೇಕು. ಸಾಮಾನೆಲ್ಲ ಹೊರಗೆ ಹಾಕಿ ಎಂದೂ ಅವರೇ ಹೇಳಿದ್ದರು. ಎರಡೂ ಸೇರಿ ಮಂಚ ಗಾಡಿ ಹತ್ತಿತು. ರಾಮನಗರದ ಒಲೆಗಳು ಗೂಡು ಬೇಯಿಸಲು ಹಗಲೆಲ್ಲ ಉರಿಯುತ್ತಿದ್ದವು. ಅವುಗಳ ಹೊಟ್ಟೆಗೆ ತೇಗವೂ ಒಂದೇ, ತೆಂಗಿನ ಮಟ್ಟೆಯೂ ಒಂದೇ.

ಮೇಡಂ ಯಾರನ್ನೂ ಬೈಯಲಿಲ್ಲ. ಅಜ್ಜಿಯ ಪಕ್ಕ ಕೂತು ಅವರ ಕೈಯನ್ನು ತಮ್ಮ ಅಗಲದ ಕೈಯೊಳಗೆ ಇಟ್ಟುಕೊಂಡರು. ತಪ್ಪು ತಿಳ್ಕೊಂಡಿದ್ದು ನೀವಲ್ಲ ಅಜ್ಜಿ, ನಿಮ್ಮ ಮಾತನ್ನ ನಾನು ಎರವಲು ತಗೊಂಡು ನಿಮ್ಮ ಮುಂದೇನೇ ಬೇರೆ ಥರ ಆಡಿಬಿಟ್ಟೆ ಎಂದರು. ಹುಳ ಹಣ್ಣಾಗೋದು ಅಂದ್ರೆ ಮುಗಿಯೋದಲ್ವಲ್ಲ ಅಜ್ಜಿ, ಮನೆ ಕಟ್ಟೋಕೆ ಶುರು ಮಾಡೋದು, ನಾನು ಆ ಅರ್ಥದಲ್ಲಿ ಅಂದಿದ್ದು ಎಂದರು. ಬಾಗಿಲ ಹಿಂದೆ ತುಂಬು ಬಸುರಿ ಹುಡುಗಿ ನಿಂತು ಕೇಳುತ್ತಿದ್ದಳು. ಅವಳು ಒಂದೇ ಮಾತು ಕೇಳಿದಳು.

"ಹಂಗಾದ್ರೆ ನನ್ನ ಮಗೀಗೆ ಆ ಗಿಣಿ ಇಲ್ವಾ?"

ಮೇಡಂ ಎದ್ದು ಮೊಪೆಡ್ ಹತ್ತಿದರು. ಆ ದಿನ ದಿಣ್ಣೆಗಳಲ್ಲಿ ನಾನು ಇಳಿದು ನಡೆಯಲಿಲ್ಲ, ಓಡಿದೆ. ಚಪ್ಪಲಿ ಕೈಯಲ್ಲಿ. ಎದುರು ಬಂದ ಬಸ್ಸಿನಲ್ಲಿ ನನ್ನ ಇಬ್ಬರು ವಿದ್ಯಾರ್ಥಿನಿಯರು ಕಿಟಕಿಗೆ ಮೂಗೊತ್ತಿ ನೋಡಿದ್ದು ನೆನಪಿದೆ. ಡಿಪೋರ್ಟ್‌ಮೆಂಟ್ ಅವತ್ತಿಗೆ ಮುಗಿಯಿತು.

ಸಾಹೇಬರ ಅಂಗಳದಲ್ಲಿ ಕಟ್ಟಿಗೆಯ ರಾಶಿ ಆಳೆತ್ತರ. ಮೇಡಂ ರಾಶಿಯ ಮೇಲೆ ಕೈ ಆಡಿಸುತ್ತಾ ಹೋದರು, ಕಣ್ಣಿಗಿಂತ ಅಂಗೈಯನ್ನೇ ನಂಬಿ. ಅಡ್ಡಪಟ್ಟಿಗಳು ಸಿಕ್ಕವು. ಗಿಣಿಯಿದ್ದದ್ದೂ ಸಿಕ್ಕಿತು, ಅದನ್ನು ನನ್ನ ಕೈಗೆ ಕೊಟ್ಟರು, ನಾನು ಮಗುವಿನ ಹಾಗೆ ಎದೆಗವಚಿಕೊಂಡು ನಿಂತೆ. ಕಾಲುಗಳು ಮೂರೇ ಇದ್ದವು.

ಸಾಹೇಬರು ವಯಸ್ಸಾದವರು, ಗಂಭೀರ. ನಮ್ಮ ಕಥೆಯೆಲ್ಲ ಕೇಳಿ ಗಡ್ಡ ಸವರಿಕೊಂಡರು. "ಒಂದು ಕಾಲು ಒಲೆಗೆ ಹೋಗ್ಬಿಟ್ತಮ್ಮ. ಏನು ಉರಿ ಅಂತೀರಿ, ಮಧ್ಯಾಹ್ನ ಪೂರಾ ನೂಲು ಒಂದು ಸಲವೂ ಕಡೀಲಿಲ್ಲ." ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ, ಅವರ ಮಟ್ಟಿಗೆ ಅದೇ ಗೌರವ. ಮೇಡಂ ಒಲೆಯ ಬಾಯಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಬಿಸಿ ನೀರಿನ ಬಾನಿಯಲ್ಲಿ ಗೂಡುಗಳು ಕುಣಿಯುತ್ತಿದ್ದವು, ಚರಕದ ಮೇಲೆ ಹೊಂಬಣ್ಣದ ನೂಲು ಸುತ್ತಿಕೊಳ್ಳುತ್ತಿತ್ತು. ಹೋಗಲಿ, ನೂಲಾಗಿ ಹೋದ್ರು ಎಂದರು, ತಮಗೆ ತಾವೇ. ನಾಳೆಯ ಒಲೆಗೆ ಕಟ್ಟಿಗೆ ಬೇಕಲ್ಲ ಎಂದು ಸಾಹೇಬರು ಕೇಳಿದ್ದು ನ್ಯಾಯವೇ. ಗೌಡರ ಮನೆಯಿಂದ ಗಾಡಿ ತುಂಬ ಒಣಗಿದ ಹಿಪ್ಪುನೇರಳೆ ಕಡ್ಡಿ ಬಂತು, ಅದೇ ಗಾಡಿಯಲ್ಲಿ ಮಂಚ ವಾಪಸ್ಸು ಹೋಯಿತು.

ನಾಲ್ಕನೇ ಕಾಲನ್ನು ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವ ಒಬ್ಬರ ಹತ್ತಿರ ಮಾಡಿಸಿದರು. ಉಳಿದ ಮೂರಕ್ಕೆ ಹೊಂದುವ ಹಾಗೆ ಹೊಗೆ ಹಿಡಿಸಿ ಕಪ್ಪು ಮಾಡಿಕೊಡಲೇ ಎಂದು ಅವರು ಕೇಳಿದರು. ಬೇಡ ಅಂದರು ಮೇಡಂ, ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಹೊಸ ಹಲಸು ಎಂಥ ಹಳದಿ ಎಂದು ನೋಡಿದವರಿಗೆ ಗೊತ್ತು. ಆಗ ತಾನೇ ಬಿಡಿಸಿದ ಗೂಡಿನ ಹಾಗೆ. ಮಂಚ ಜೋಡಿಸಿ ನಿಲ್ಲಿಸಿದಾಗ ಅಜ್ಜಿ ಸುತ್ತ ಒಂದು ಸಲ ಬಂದು, ಸೊಂಟದ ಮೇಲೆ ಕೈ ಇಟ್ಟುಕೊಂಡರು.

"ಮೂರು ಮುದುಕೀರ ಮಧ್ಯ ಒಬ್ಳು ಅರಿಶಿನ ಮೆತ್ಕಂಡ ಮದ್ಲಗಿತ್ತಿ. ಚೆನ್ನಾಗೈತೆ ಕಣವ್ವ ನಿನ್ ಬುದ್ಧಿ."

"ಹಳದಿ ಇರಲಿ ಬಿಡಿ ಅಜ್ಜಿ," ಎಂದರು ಮೇಡಂ. "ನಿಮ್ಮನೆ ಕೈ ಬೀಳಲಿ. ಅವರೂ ಹಣ್ಣಾಗ್ತಾರೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಗೌಡರ ಹೆಂಡತಿ ಓಡಿ ಬಂದು ಮಂಚದ ಮುಂದೆ ಅಡ್ಡ ನಿಂತರು, ಗಾಡಿ ಮತ್ತೆ ಬಂದೇಬಿಟ್ಟಿತೇನೋ ಎಂಬಂತೆ. ಎಲ್ಲರೂ ಎಷ್ಟು ನಕ್ಕೆವೆಂದರೆ ಬಸುರಿ ಹುಡುಗಿ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆಯೇ ಕೂತಳು. ಆ ವಾರವೇ ಅಲ್ಲೇ ಹೆಣ್ಣು ಮಗು ಹುಟ್ಟಿತು.

ಮೇಡಮ್ಮಿಗೆ ಆಮೇಲೆ ವರ್ಗವಾಯಿತು. ನಾನೂ ಮದುವೆಯಾಗಿ ಬೆಂಗಳೂರಿಗೆ ಬಂದೆ. ಪ್ರತಿ ಹೊಸ ವರ್ಷಕ್ಕೆ ಅವರಿಂದ ಒಂದು ಕಾರ್ಡ್ ಬರುತ್ತಿತ್ತು, ಯಾವ ಊರಿನಲ್ಲಿ ಯಾರ ಹೊಟ್ಟೆ ನೋಡಿದರು ಎಂಬ ವರದಿ ಇರುತ್ತಿತ್ತು ಅದರಲ್ಲಿ. ರಿಟೈರ್ ಆದ ಮೇಲೂ, ಕಣ್ಣು ಮಂಜಾದ ಮೇಲೂ ಬಸ್ಸು ಹತ್ತಿ ಹೋಗುತ್ತಿದ್ದರು. ಕಣ್ಣಿನ ಅಗತ್ಯ ಅವರಿಗೆ ಎಂದೂ ಅಷ್ಟಾಗಿ ಇರಲಿಲ್ಲ.

ಕೇರಳದಿಂದ ಬಂದ ಮೇಲೆ ತಂಗಿಯ ಮಗಳಿಗೆ ಇದೆಲ್ಲ ಹೇಳಿದೆ. ಅವಳೇ ಒಂದು ಭಾನುವಾರ ಕಾರು ತೆಗೆದಳು. ಹಳ್ಳಿ ಗುರುತು ಸಿಗಲಿಲ್ಲ, ಮನೆ ಸಿಕ್ಕಿತು. ಹುಳಕ್ಕೆ ಈಗ ಹಿತ್ತಲಿನಲ್ಲಿ ಬೇರೆಯೇ ಶೆಡ್ಡು ಕಟ್ಟಿದ್ದಾರೆ. ಬಾಗಿಲು ತೆಗೆದ ಮಧ್ಯ ವಯಸ್ಸಿನ ಹೆಂಗಸನ್ನು ವಿಚಾರಿಸಿದರೆ, ಆ ವಾರ ಹುಟ್ಟಿದ ಮಗು ಅವಳೇ. ಸೋದರಮಾವನ ಮಗನನ್ನು ಮದುವೆಯಾಗಿ ಹುಟ್ಟಿದ ಮನೆಗೇ ಸೊಸೆಯಾಗಿ ಬಂದಿದ್ದಳು. ಮಂಚದ ಮೇಲೆ ಮಧ್ಯಾಹ್ನದ ನಿದ್ದೆ ತೆಗೆಯುತ್ತಿದ್ದ ಗಂಡನನ್ನು, ಏಳಿ, ನೆಂಟ್ರು ಬಂದವ್ರೆ ಎಂದು ದಿಂಬಿನ ಸಮೇತ ಎಬ್ಬಿಸಿ ನಮಗೆ ಜಾಗ ಮಾಡಿಕೊಟ್ಟಳು.

ಹುಳದಮ್ಮನೋರನ್ನು ಅವಳು ನೋಡಿದ ನೆನಪಿಲ್ಲ, ಕೇಳಿದ ನೆನಪಿದೆ. ಹೋಗಿಬಿಟ್ಟರೆಂದು ಹೇಳಿದೆ. ಅವಳು, ನಮ್ಮನೆ ಮೊದಲ್ನೇ ಗೂಡು ಅವರ ಕೈ ಗುಣ ಅಂತಿದ್ರು ಅಜ್ಜಿ ಎಂದಳು.

ಇದರಲ್ಲಿ ಹೊಸ ಕಾಲು ಯಾವುದಮ್ಮ ಎಂದು ಕೇಳಿದೆ.

"ಹೊಸ ಕಾಲಾ?" ಅವಳಿಗೆ ಅರ್ಥವಾಗಲಿಲ್ಲ. "ನಾಕೂ ಒಂದೇ ಕಾಲದ್ವು ಕಣಮ್ಮ. ಪಾಳೇಗಾರ್ರ ಕಾಲದ್ವು."

ನಾನು ಮಂಚದ ಅಂಚು ಹಿಡಿದು ನೆಲಕ್ಕಿಳಿದೆ. ಮಂಡಿ ಎರಡೂ ಡಾಕ್ಟರು ಹಾಕಿದವು, ಹೆಚ್ಚು ಬಗ್ಗುವುದಿಲ್ಲ. ತಂಗಿಯ ಮಗಳು ದೊಡ್ಡಮ್ಮ ಎಂದು ಶುರು ಮಾಡಿ, ಏನನ್ನಿಸಿತೋ, ತಾನೂ ಪಕ್ಕದಲ್ಲಿ ಕೂತಳು. ಒಂದೊಂದೇ ಕಾಲಿಗೆ ಅಂಗೈ ಹಚ್ಚಿ ನೋಡಿದೆ. ಬಳೆಬಳೆಗಳ ಸುತ್ತು, ನಡುವಿನ ನುಣುಪು. ಮತ್ತೊಮ್ಮೆ ಮೊದಲಿನಿಂದ ನೋಡಿದೆ. ಬೆಳಕಿಗೆ ಮುಖ ತಿರುಗಿಸಿ ಬಣ್ಣ ನೋಡಿದೆ. ನಾಲ್ಕೂ ಅದೇ ಕರಿ ದ್ರಾಕ್ಷಿ. ಮದುಮಗಳು ಯಾರೋ ನನಗೆ ಗೊತ್ತಾಗಲಿಲ್ಲ.

ತಲೆದೆಸೆಯ ಅಡಿಗೆ ಕೈ ತೂರಿಸಿದೆ. ಗಿಣಿ ಇತ್ತು. ಕೊಕ್ಕಿನ ಕಾಳು ಮಕ್ಕಳ ಬೆರಳಿಗೆ ಸವೆದು ಹೋಗಿತ್ತು.

"ಹಣ್ಣಾ..." ಎಂದೆ. ಅಷ್ಟರಲ್ಲಿ ಅವಳು ಬಗ್ಗಿ ನನ್ನ ಭುಜ ಹಿಡಿದಳು.

"ಆ ಮಾತ ಮಂಚದ ಮುಂದೆ ಆಡ್ಬ್ಯಾಡಿ ಕಣಮ್ಮ. ನಮ್ಮನೇಲಿ ಯಾರೂ ಆಡಾಕಿಲ್ಲ. ಯಾಕೋ ನಂಗೊತ್ತಿಲ್ಲ, ಅಜ್ಜಿ ಕಾಲದಿಂದ್ಲೂ ಹಂಗೇ."

ಮಾತನ್ನು ಬಾಯೊಳಗೇ ಇಟ್ಟುಕೊಂಡೆ. ತಂಗಿಯ ಮಗಳ ಕೈ ಹಿಡಿದು ಗಿಣಿಯಿರುವ ಕಡೆಗೆ ತೂರಿಸಿದೆ. ಇಲ್ಲಿ ಯಾರೂ ಸೀಟಿ ಊದಲಿಲ್ಲ.